ಅವ್ವನ ಕುಬಸದ ಫೋಟೋ ಸ್ಕ್ಯಾನ್ ಮಾಡಿದ ವರ್ಷ

ಮೊನ್ನೆ ಮಗಳ ಶಾಲೆಯ ಕಾಗದಪತ್ರ ಸ್ಕ್ಯಾನ್ ಮಾಡಿಸಲು ಮಾನ್ವಿಯ ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಆ ಅಂಗಡಿಯ ಮುಂದೆ ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಇಂಥ ಕೆಲಸವನ್ನೆಲ್ಲ ಗಂಡನ ತಲೆಗೆ ಕಟ್ಟಿ ಪಾರಾಗುತ್ತಿದ್ದೆ. ಅವತ್ತು ಅವರು ಸಿರವಾರಕ್ಕೆ ಹೋಗಿದ್ದರಿಂದ ನಾನೇ ಹೋಗಬೇಕಾಯಿತು. ಅಂಗಡಿಯವ ತನ್ನ ಹಳೆಯ ಸ್ಕ್ಯಾನರಿನ ಮುಚ್ಚಳವನ್ನು ಪೂರ್ತಿ ಮುಚ್ಚಲಿಲ್ಲ. ಬೆಳಕಿನ ಪಟ್ಟಿ ಗಾಜಿನ ಕೆಳಗೆ ಈ ಕಡೆಯಿಂದ ಆ ಕಡೆಗೆ ಸರಿಯಿತು. ಬಿಸಿಯಾದ ಗಾಜಿನ, ಸುಟ್ಟ ಧೂಳಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಗದಗಳನ್ನು ಅಲ್ಲೇ ಬಿಟ್ಟು ಅಂಗಡಿಯಿಂದ ಹೊರಗೆ ಬಂದು ನಿಂತೆ. ಹತ್ತು ಹನ್ನೆರಡು ವರ್ಷವಾದರೂ ನನ್ನ ಸಿಟ್ಟು ಆರಿಲ್ಲವಲ್ಲ ಅಂತ ನನಗೇ ಆಶ್ಚರ್ಯವಾಯಿತು.

ಇದು ರಾಯಚೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಕೆಲಸಕ್ಕಿದ್ದ ವರ್ಷದ ಮಾತು. ಪಿಯುಸಿ ಮುಗಿದಿತ್ತು. ಮುಂದೆ ಓದಿಸುವ ಮಾತು ಮನೆಯಲ್ಲಿ ಎದ್ದು, ಎದ್ದಷ್ಟೇ ಬೇಗ ಕೂತಿತ್ತು. ಅಪ್ಪನಿಗೆ ರೈಸ್ ಮಿಲ್ಲಿನಲ್ಲಿ ಕೆಲಸ, ಅವ್ವ ಕೂಲಿಗೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕನ್ನಡ ಟೈಪಿಂಗ್ ಕಲಿತಿದ್ದ ನಾನು, ಗುಂಜಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಬಸ್ಸಿಗೆ ಮರಳುವ ಉದ್ಯೋಗಸ್ಥೆಯಾದೆ. ಊರಿನಲ್ಲಿ ನನ್ನನ್ನು ಕಂಪ್ಯೂಟರ್ ಗಂಗಾ ಅಂತ ಕರೆಯಲು ಶುರುಮಾಡಿದರು. ಸುಳ್ಳೇಕೆ ಹೇಳಲಿ, ಆ ಹೆಸರು ನನಗೆ ಬಹಳ ಹಿಡಿಸಿತ್ತು.

ಸ್ಟುಡಿಯೋ ವೀರೇಶಣ್ಣನದು. ಹಣೆಗೆ ಮೂರೆಳೆ ವಿಭೂತಿ, ಬಾಯಲ್ಲಿ ಯಾವಾಗಲೂ ಅಡಿಕೆ, ಬೆಣ್ಣೆಯೊಳಗಿನ ಕೂದಲು ತೆಗೆದಂಥ ಮಾತು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ ತಂಗಿ. ಒಡಹುಟ್ಟಿದ ಅಣ್ಣ ಇಲ್ಲದ ನನಗೆ ಆ ಒಂದು ಶಬ್ದ ಸಾಕಾಗಿತ್ತು. ಸಂಜೆ ಬಸ್ಸು ತಡವಾದರೆ ಅಂಗಡಿಗೆ ಬೀಗ ಹಾಕಿ, ಸ್ಟ್ಯಾಂಡಿನವರೆಗೂ ಬಂದು, ಬಸ್ಸು ಹೊರಡುವತನಕ ನಿಂತಿರುತ್ತಿದ್ದ. ಅಪ್ಪ ಒಮ್ಮೆ ಬಂದು ಇದನ್ನು ನೋಡಿ, ಒಳ್ಳೆಯ ಮನುಷ್ಯನ ಕೈಗೆ ಬಿದ್ದಿದ್ದೀ ಅಂದಿದ್ದ. ನನಗೂ ಹಾಗೇ ಅನ್ನಿಸಿತ್ತು.

ಸ್ಕ್ಯಾನಿಂಗ್ ಕಲಿಸಿದವನೂ ಅವನೇ. ಗಾಜನ್ನು ಮೊದಲು ಒರೆಸು, ನೀನು ಬಿಟ್ಟ ಒಂದು ಕೂದಲು ಸತ್ತವರ ಹಣೆಯ ಮೇಲೆ ಗೆರೆಯಾಗುತ್ತದೆ ಅನ್ನುತ್ತಿದ್ದ. ಫೋಟೋವನ್ನು ಬೋರಲು ಹಾಕಿ ಮೂಲೆಗೆ ಹೊಂದಿಸಬೇಕು. ಫೋಟೋಶಾಪ್ ತೆರೆದು ಫೈಲ್‌ನಲ್ಲಿ ಇಂಪೋರ್ಟ್ ಒತ್ತಿದರೆ ಸ್ಕ್ಯಾನರಿನದೇ ಒಂದು ಸಣ್ಣ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಮೊದಲು ಪ್ರಿವ್ಯೂ ನೋಡಿ, ಬೇಕಾದಷ್ಟೇ ಜಾಗಕ್ಕೆ ಚೌಕ ಎಳೆದು, ಫೋಟೋ ಸಣ್ಣದಿದ್ದರೆ ದೊಡ್ಡದು ಮಾಡಿದಾಗ ಒಡೆಯದಂತೆ ಡಿಪಿಐ ಹೆಚ್ಚಿಟ್ಟು, ಆಮೇಲೆ ಸ್ಕ್ಯಾನ್. ಪೇಪರಿನಿಂದ ಕತ್ತರಿಸಿ ತಂದ ಚಿತ್ರವಾದರೆ ಚುಕ್ಕಿ ಅಳಿಸುವ ಜಾಗಕ್ಕೆ ಟಿಕ್ ಹಾಕಬೇಕು, ಇಲ್ಲದಿದ್ದರೆ ಮುಖದ ತುಂಬ ಜಾಳಿಗೆ. ಊರ ಪಕ್ಕದಲ್ಲೇ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ಕರೆಂಟು ಕೊಡುತ್ತಾರೆ, ನಮ್ಮ ಓಣಿಯಲ್ಲಿ ಮಾತ್ರ ಮಧ್ಯಾಹ್ನವಾದರೆ ಫ್ಯಾನು ನಿಲ್ಲುತ್ತಿತ್ತು. ಎಷ್ಟೋ ಜನರ ಮುಖ ಮೂಗಿನವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಆ ಬಿಸಿಲಿನಲ್ಲಿ ಬೆವರಿಳಿಸುತ್ತ, ಅರ್ಧ ಮುಖದ ಯಾರದೋ ಅಜ್ಜನನ್ನು ಮುಂದಿಟ್ಟುಕೊಂಡು ಕರೆಂಟಿಗೆ ಕಾಯುವುದು ನನ್ನ ಕೆಲಸದ ಅರ್ಧಭಾಗವಾಗಿತ್ತು.

ಅಜ್ಜ ಅಜ್ಜಿಯರೇ ಹೆಚ್ಚು ಬರುತ್ತಿದ್ದರು. ನಮ್ಮ ಕಡೆ ಬದುಕಿದ್ದಾಗ ಯಾರೂ ಒಂಟಿಯಾಗಿ ಫೋಟೋ ತೆಗೆಸಿಕೊಳ್ಳುವುದಿಲ್ಲ, ಸತ್ತ ಮೇಲೆ ಗೋಡೆಗೆ ದೊಡ್ಡ ಫೋಟೋ ಬೇಕೇಬೇಕು. ಹಿರಿಯರ ಹಬ್ಬಕ್ಕೆ ಎಡೆ ಇಡುವುದು ಅದರ ಮುಂದೆಯೇ. ಹೀಗಾಗಿ ಜನ ರೇಷನ್ ಕಾರ್ಡು, ವೋಟಿನ ಕಾರ್ಡು, ಯಾರದೋ ಮದುವೆಯ ಗುಂಪಿನ ಫೋಟೋ ಹಿಡಿದು ಬರುತ್ತಿದ್ದರು. ಅದರೊಳಗಿನ ಕಡಲೆಕಾಳಿನಷ್ಟು ಮುಖವನ್ನು ನಾನು ಸ್ಕ್ಯಾನ್ ಮಾಡಿ ಕೊಟ್ಟರೆ ವೀರೇಶಣ್ಣ ಅದಕ್ಕೊಂದು ಮೈ ಕೂಡಿಸುತ್ತಿದ್ದ. ಹೌದು, ಮೈ. ಕಂಪ್ಯೂಟರಿನಲ್ಲಿ ತಲೆಯಿಲ್ಲದ ಮೈಗಳದೇ ಒಂದು ಫೋಲ್ಡರಿತ್ತು. ತಲೆಗೆ ಪಟಗ ಸುತ್ತಿದವರಿಗೆ ಹೊಂದುವ ಧೋತರದ ಮೈ, ಕೋಟಿನ ಮೈ, ಕುರ್ಚಿಯ ಮೇಲೆ ಕೂತ ಮೈ. ಗಿರಾಕಿಗಳು ಅಂಗಿ ಬಟ್ಟೆ ಆರಿಸಿದಂತೆ ಆರಿಸುತ್ತಿದ್ದರು. ಹೊಲದಲ್ಲಿ ಸವೆದು ಕಡ್ಡಿಯಾಗಿ ಸತ್ತ ಅಪ್ಪನಿಗೆ ಒಬ್ಬ ಮಗ ಕೋಟಿನ ಮೈಯೇ ಬೇಕು ಅಂತ ಹಟ ಹಿಡಿದಿದ್ದ. ಕೊಟ್ಟೆವು. ಅವನು ಅದನ್ನು ಎದೆಗವಚಿಕೊಂಡು ಅತ್ತದ್ದು ಕಂಡು ನನ್ನ ಕಣ್ಣೂ ತುಂಬಿತ್ತು. ಈ ಮೈಗಳೆಲ್ಲ ಎಲ್ಲಿಂದ ಬಂದವು ಅಂತ ಕೇಳಿದಾಗ ಹೈದರಾಬಾದಿನಿಂದ ಡಿವಿಡಿ ತಂದಿದ್ದೇನೆ ಅಂದಿದ್ದ. ಅಲ್ಲಿ ದುಡ್ಡು ತೆಗೆದುಕೊಂಡು ಫೋಟೋಕ್ಕೆ ಕೂರುವವರಿರಬೇಕು ಅಂತ ನಾನು ಸುಮ್ಮನಾಗಿದ್ದೆ.

ಮಳೆ ಶುರುವಾದ ಮೇಲೆ ನಮ್ಮ ಮನೆಯ ತಗಡು ಸೋರಿ, ಟ್ರಂಕಿನಲ್ಲಿದ್ದ ಅವ್ವನ ಫೋಟೋಕ್ಕೆ ನೀರು ಬಡಿಯಿತು. ಅವ್ವನದು ಅಂತ ಇದ್ದದ್ದು ಅದೊಂದೇ. ನಾನು ಹೊಟ್ಟೆಯಲ್ಲಿದ್ದಾಗ ಆಕೆಯ ತವರಿನಲ್ಲಿ ಕುಬಸ ಮಾಡಿದ್ದರು, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಮಾಡುವ ಆರತಿ. ಅವತ್ತು ತೆಗೆಸಿದ್ದು. ಕುರ್ಚಿಯ ಮೇಲೆ ಕೂತಿದ್ದಾಳೆ, ಹೊಟ್ಟೆಯ ಮೇಲೆ ಸೆರಗು, ಮಡಿಲಲ್ಲಿ ಎರಡೂ ಕೈ, ಕೈ ತುಂಬ ಬಳೆ. ಬಲಗೈ ಕಿರುಬೆರಳು ಡೊಂಕು, ಚಿಕ್ಕಂದಿನಲ್ಲಿ ಬಾವಿಕಟ್ಟೆಯಿಂದ ಬಿದ್ದು ಮುರಿದದ್ದು. ಮೈತುಂಬಿಕೊಂಡು ಕೂತ ಆ ಹೆಣ್ಣುಮಗಳು ನಮ್ಮವ್ವ ಅಂದರೆ ಈಗ ಯಾರೂ ನಂಬುವುದಿಲ್ಲ, ಆಮೇಲೆ ಆಕೆ ಅಷ್ಟು ತುಂಬಿಕೊಂಡದ್ದೇ ಇಲ್ಲ. ನನಗೆ ಕೊಟ್ಟು ಕಳಿಸಲು ಮನಸ್ಸಾಗದೆ, ಫೋಟೋವನ್ನು ಅರಿವೆಯಲ್ಲಿ ಸುತ್ತಿಕೊಂಡು ತಾನೇ ರಾಯಚೂರಿಗೆ ಬಂದಳು.

ವೀರೇಶಣ್ಣ ಎದ್ದು ನಿಂತು, ಬರ್ರಿ ಯವ್ವಾ ಅಂತ ಕುರ್ಚಿ ಹಾಕಿ, ಚಹಾ ತರಿಸಿದ. ಫೋಟೋ ನೋಡಿ, ಹೊಸದರಂತೆ ಮಾಡಿ ದೊಡ್ಡದಾಗಿ ಕೊಡುತ್ತೇನೆ, ನಿಮ್ಮಿಂದ ದುಡ್ಡು ಬೇಡ ಅಂದ. ಸ್ಕ್ಯಾನ್ ಮಾಡಿದ್ದು ನಾನು. ಅವ್ವ ಪಕ್ಕದಲ್ಲಿ ಕೂತು ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಪರದೆಯ ಮೇಲೆ ತನ್ನ ಮುಖ ಅಷ್ಟು ದೊಡ್ಡದಾಗಿ ಬಂದಾಗ ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೂ ಜಂಬ. ನನ್ನ ವಿದ್ಯೆ ತೋರಿಸೋಣ ಅಂತ ಮಣಿಕಟ್ಟಿನ ಹತ್ತಿರ ಬಿದ್ದಿದ್ದ ನೀರಿನ ಕಲೆಯನ್ನು ದೊಡ್ಡದು ಮಾಡಿ, ಪಕ್ಕದ ಚರ್ಮದ ಬಣ್ಣ ತಂದು ಒತ್ತಿ ಒತ್ತಿ ಅಳಿಸಿದೆ. ಇದ್ದದ್ದು ಹೀಗೆ ಇಲ್ಲದಂತಾಗುತ್ತದಾ ಅಂತ ಅವ್ವ ಕೇಳಿದಳು. ಏನು ಬೇಕಾದರೂ ಆಗುತ್ತದೆ ಅಂದೆ. ಮಿಕ್ಕದ್ದನ್ನು ವೀರೇಶಣ್ಣ ತಾನು ಮಾಡುತ್ತೇನೆಂದು ಇಟ್ಟುಕೊಂಡ.

ನಾಗರ ಪಂಚಮಿಗೆ ಅವನು ನಮ್ಮೂರಿಗೆ ಬಂದ, ಕಟ್ಟು ಹಾಕಿಸಿದ ಫೋಟೋ ತಂದಿದ್ದ. ಎಂಥ ಫೋಟೋ ಅಂತೀರಿ, ಬಳೆಗಳ ಹಸಿರು ಕೂಡ ಮರಳಿ ಬಂದಿತ್ತು. ಓಣಿಯವರೆಲ್ಲ ಬಂದು ನೋಡಿ ಹೋದರು. ಅವ್ವ ಅವನಿಗೆ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಬಡಿಸಿ, ಸಾಕು ಸಾಕು ಅಂದರೂ ಬಿಡದೆ ಇನ್ನೊಂದು ಉಂಡಿಯನ್ನು ತನ್ನ ಕೈಯಾರೆ ಅವನ ಕೈಗಿಟ್ಟಳು. ಅಣ್ಣನಾದವನು ಪಂಚಮಿಗೆ ಬಂದ ಅಂತ ನಾನು ಓಣಿಯ ತುಂಬ ಹೇಳಿಕೊಂಡು ಬಂದೆ. ಆ ಹೊತ್ತಿಗಾಗಲೇ ಅವನು ಅವ್ವನ ತಲೆ ಕತ್ತರಿಸಿ ಆಗಿತ್ತು ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು?

ಗೊತ್ತಾದದ್ದು ಹತ್ತಿ ಬಿಡಿಸುವ ದಿನಗಳಲ್ಲಿ. ದೇವದುರ್ಗದ ಕಡೆಯ ಮಸರಕಲ್‌ನಲ್ಲಿ ಅವ್ವನ ದೂರದ ಸೋದರತ್ತೆ ದುರಗವ್ವ ತೀರಿಹೋಗಿದ್ದಳು. ಸಣ್ಣ ವಯಸ್ಸಿಗೇ ಗಂಡ ಸತ್ತು, ಕೂಲಿ ಮಾಡಿ ಮಕ್ಕಳನ್ನು ಸಾಕಿದ ಮುದುಕಿ. ಮಣ್ಣು ಮಾಡುವಾಗ ಹೋಗಲಾಗಿರಲಿಲ್ಲ, ತಿಂಗಳಾದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಮಾತನಾಡಿಸಲು ಹೋದಳು. ದಾರಿಯ ಎರಡೂ ಬದಿಗೆ ಹೊಲಗಳು ಬೆಳ್ಳಗಾಗಿದ್ದವು. ದುರಗವ್ವನ ಮಗಳು ಲಕ್ಷ್ಮವ್ವ ಅವ್ವನ ಕೊರಳಿಗೆ ಬಿದ್ದು ಅತ್ತಳು. ಅತ್ತು ಹಗುರಾದ ಮೇಲೆ, ಫೋಟೋ ಮಾಡಿಸಿದ್ದೇವೆ ನೋಡು ಬಾ ಅಂತ ಒಳಗೆ ಕರೆದಳು.

ಗೋಡೆಯ ಮೇಲೆ ದುರಗವ್ವನ ಮುಖ. ಆ ಮುಖದ ಕೆಳಗೆ ನಮ್ಮವ್ವ ಕೂತಿದ್ದಳು. ಅದೇ ಕುರ್ಚಿ, ಹೊಟ್ಟೆಯ ಮೇಲೆ ಅದೇ ಸೆರಗು. ಹಸಿರು ಸೀರೆಯನ್ನು ಬೂದಿಬಣ್ಣ ಮಾಡಿದ್ದರು. ಡೊಂಕು ಕಿರುಬೆರಳು ಇದ್ದಂತೆಯೇ ಇತ್ತು. ಮುತ್ತೈದೆಯ ಕೈಯಲ್ಲಿ ಬಳೆ ಮಾತ್ರ ಇರಲಿಲ್ಲ, ಎರಡೂ ಮಣಿಕಟ್ಟು ಬೋಳಾಗಿದ್ದವು. ಮೇಲೆ ಚೆಂಡುಹೂವಿನ ಹಾರ, ಕೆಳಗೆ ಊದಿನಕಡ್ಡಿ. ಅವ್ವ ನೋಡದಿರಲಿ ಅಂತ ಅಡ್ಡ ನಿಲ್ಲಲು ಹೋದೆ, ಆಗಲೇ ತಡವಾಗಿತ್ತು.

ಲಕ್ಷ್ಮವ್ವ ಗಾಜಿನ ಮೇಲೆ ಆ ಕೈಗಳನ್ನು ಸವರುತ್ತ ಹೇಳಿದಳು, “ಮಾರಿ ಒಂಚೂರು ಬ್ಯಾರೆ ಬಂದದ ಅಂತಾರ ಮಂದಿ. ಕೈ ನೋಡು ಯವ್ವಾ, ಥೇಟ್ ನಮ್ಮವ್ವನ ಕೈ. ದುಡದು ದುಡದು ಬೆರಳು ಹಿಂಗಾ ಡೊಂಕಾಗಿತ್ತಲ್ಲ.”

ಅವ್ವ ತನ್ನ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಹೌದವ್ವಾ, ನಿಮ್ಮವ್ವನ ಕೈನಾ ಅದಾವ” ಅಂದಳು.

ಹೊರಗೆ ಬಂದು ಲಕ್ಷ್ಮವ್ವನ ತಮ್ಮನನ್ನು ಕೇಳಿದೆ. ದೇವದುರ್ಗದ ಒಂದು ಅಂಗಡಿಯಲ್ಲಿ ಮಾಡಿಸಿದ್ದಂತೆ, ಅವರ ಹತ್ತಿರ ಮೈ ಬಹಳ ಇವೆ, ಅದರಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಂಡಿತಂತೆ. ಊಟ ಮಾಡಿ ಹೋಗಿರೆಂದು ಎಷ್ಟು ಹೇಳಿದರೂ ಅವ್ವ ನಿಲ್ಲಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅರ್ಧದಾರಿ ಬಂದ ಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು, “ನನ್ನ ಕೈಯಾಗಿನ ಬಳಿ ಯಾಕ ತಗದಾರ? ನಿಮ್ಮಪ್ಪ ಗಟ್ಟಿ ಅದಾನಲ್ಲ.” ನಾಳೆ ಹೋಗಿ ಕೇಳುತ್ತೇನೆ ಅಂದೆ.

ಮರುದಿನ ವೀರೇಶಣ್ಣ ಅಂಗಡಿಯ ಬಾಗಿಲು ತೆಗೆಯುವುದಕ್ಕೂ ನಾನು ಹೋಗುವುದಕ್ಕೂ ಸರಿಯಾಯಿತು. ಅವನು ಅಲ್ಲಗಳೆಯುತ್ತಾನೆ, ತಪ್ಪಾಯಿತು ಅನ್ನುತ್ತಾನೆ ಅಂತೆಲ್ಲ ರಾತ್ರಿಯಿಡೀ ಎಣಿಸಿದ್ದೆ. ಅವನು ನಕ್ಕ. ಹೆಮ್ಮೆಯಿಂದ ಕುರ್ಚಿ ಎಳೆದು ಕೂತು, ಮೈಗಳ ಫೋಲ್ಡರು ತೆಗೆದು, ಒಂದು ಫೈಲು ಬಿಚ್ಚಿದ. ಕೊರಳಿನಿಂದ ಮೇಲೆ ಏನೂ ಇಲ್ಲದ ನಮ್ಮವ್ವ. ಸೀರೆಯ ಬಣ್ಣ ಬದಲಿಸಲು ಗಾಜಿನ ಹಾಳೆಯಂಥ ಒಂದು ಪದರ, ಅಂದರೆ ಲೇಯರು, ಬಳೆಗೊಂದು ಲೇಯರು. ಲೇಯರಿನ ಪಕ್ಕದಲ್ಲಿ ಸಣ್ಣದೊಂದು ಕಣ್ಣಿನ ಗುರುತಿರುತ್ತದೆ, ಒತ್ತಿದರೆ ಕಾಣುತ್ತದೆ, ಇನ್ನೊಮ್ಮೆ ಒತ್ತಿದರೆ ಕಾಣುವುದಿಲ್ಲ. ಮುತ್ತೈದೆಗೆ ಹೀಗೆ, ಗಂಡ ಇಲ್ಲದವರಿಗೆ ಹೀಗೆ ಅಂತ ಒತ್ತಿ ಒತ್ತಿ ತೋರಿಸಿದ. ನನ್ನ ಕಣ್ಣೆದುರಿಗೆ ಅವ್ವನ ಬಳೆ ಬಂದವು, ಹೋದವು, ಮತ್ತೆ ಬಂದವು. ತಾನು ಎಷ್ಟು ನಾಜೂಕಾಗಿ ಮಾಡಿದ್ದೇನೆ ಅಂತ ನಾನು ಮೆಚ್ಚಿಕೊಳ್ಳಲಿ ಅಂತಲೇ ಅವನು ಕಾಯುತ್ತಿದ್ದ, ದೇವರಾಣೆ.

ಹೈದರಾಬಾದಿನ ಡಿವಿಡಿ ಅನ್ನುವುದೆಲ್ಲ ಬುರುಡೆ. ಆ ಫೋಲ್ಡರಿನಲ್ಲಿದ್ದ ಮೈಗಳೆಲ್ಲ ನಮ್ಮ ಗಿರಾಕಿಗಳವೇ, ನಂಬಿಕೊಂಡು ಫೋಟೋ ತಂದುಕೊಟ್ಟವರವೇ. ಹೆಂಗಸರ ಮೈ ಸಿಗುವುದು ಕಷ್ಟವಂತೆ, ಒಂಟಿಯಾಗಿ ಕೂತು ಫೋಟೋ ತೆಗೆಸಿಕೊಂಡವರೇ ಇಲ್ಲವಂತೆ. ನಿಮ್ಮವ್ವನದು ಸಿಕ್ಕಿದ್ದು ಪುಣ್ಯ, ದೊಡ್ಡ ಮನೆತನದ ಮೈ ಇದ್ದಂತಿದೆ ಅಂದ. ತುಂಬಿದ್ದು ಅವ್ವನ ಮೈಯಲ್ಲ, ಅದರೊಳಗೆ ನಾನಿದ್ದೆ ಅಂತ ಕೂಗಿ ಹೇಳಬೇಕೆನ್ನಿಸಿತು. ಬದುಕಿರುವವಳಿಗೆ ಹಾರ ಹಾಕಿಸಿದಿರಲ್ಲ ಅಂತಷ್ಟೇ ಕೇಳಿದೆ.

“ತಲಿ ಎಲ್ಲದ ತಂಗಿ ಇದರಾಗ?” ಅಂದ ಅವನು. “ತಲಿ ಇಲ್ಲದ್ದು ಯಾರವ್ವ ಆಗತಾಳ? ನಿಮ್ಮವ್ವನ ಮಾರಿ ಎಲ್ಲ್ಯರ ಹಾಕೀನೇನು ನಾ?”

“ಪಂಚಮಿ ಉಂಡಿ ಯಾವ ಕೈಯಾಗಿಂದ ಇಸಕೊಂಡು ತಿಂದ್ರಿ ನೀವು?” ಅಂದೆ.

ಅವನು, ಆಯಿತು ಬಿಡು, ಇಷ್ಟಕ್ಕೆಲ್ಲ ಯಾಕೆ ಬೇಜಾರು ಅನ್ನುತ್ತ ನನ್ನೆದುರಿಗೇ ಫೈಲನ್ನು ಅಳಿಸಿದ. ಅಳಿಸಿ, ಅಡಿಕೆ ಬಾಯಿಗೆ ಹಾಕಿಕೊಂಡು, ಇಲ್ಲಿ ಹೋಯಿತು, ಆದರೆ ದೇವದುರ್ಗದವನಿಗೆ, ಮಾನ್ವಿಯವನಿಗೆ, ಸಿರವಾರದವನಿಗೆ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದೇನೆ, ಅವರು ಇನ್ನು ಯಾರಿಗೆ ಕೊಟ್ಟಿದ್ದಾರೋ ಗೊತ್ತಿಲ್ಲ ಅಂದ. ಎಷ್ಟು ಸಲೀಸಾಗಿ ಹೇಳಿದ ಅಂದರೆ, ಹೆಪ್ಪಿಗೆ ಮಜ್ಜಿಗೆ ಕೊಟ್ಟವರಂತೆ. ನೀವು ಅಣ್ಣನಲ್ಲ, ಮನುಷ್ಯನೂ ಅಲ್ಲ ಅಂತ ಹೇಳಿ ಬ್ಯಾಗು ತೆಗೆದುಕೊಂಡು ಹೊರಬಿದ್ದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಹೋಗುವ ಬರುವ ಮಂದಿಯ ಮುಂದೆ ಗಳಗಳನೆ ಅತ್ತೆ. ಬಂದ ಬಸ್ಸುಗಳನ್ನು ಬಿಟ್ಟು ಬಿಟ್ಟು, ಅಳು ನಿಂತ ಮೇಲೆ ಊರಿಗೆ ಹೋದೆ.

ಅಷ್ಟು ಹೊತ್ತು ಅಲ್ಲಿ ಕೂತಿರಬಾರದಿತ್ತು. ಅಷ್ಟರಲ್ಲಿ ಅವನು ಅಪ್ಪನ ಮೊಬೈಲಿಗೆ ಫೋನು ಮಾಡಿದ್ದ. ನಮ್ಮೂರಿನಿಂದ ಅವನಿಗೆ ಮದುವೆಯ ಆರ್ಡರುಗಳು ಬರುತ್ತಿದ್ದವು, ಊರಿನವರ ಬಾಯಿಗೆ ಬಿದ್ದರೆ ಅವನ ಗತಿ ಏನಾಗಬೇಕು? ಅವ್ವನನ್ನು ಕರೆಸಿ ಮಾತಾಡಿದ್ದನಂತೆ.

ನಾನು ಹೋದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮೇಲಿನ ಕಟ್ಟು ಹಾಕಿದ ಫೋಟೋ ಕೆಳಗಿಳಿದಿತ್ತು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಲೇಯರು, ಕಣ್ಣಿನ ಗುರುತು, ಪೆನ್‌ಡ್ರೈವು, ಎಲ್ಲ. ಆಕೆ ರೊಟ್ಟಿ ತಿರುವಿ ಹಾಕಿ, ಮೆತ್ತಗೆ ಹೇಳಿದಳು.

“ವೀರೇಶ ಫೋನ್ ಮಾಡಿದ್ದ. ಹುಡುಗಿ ಕೆಲಸ ಕಲಿಯಾಕ ಅಂತ ಮಾಡ್ಯಾಳ ಯವ್ವಾ, ಬೈಬ್ಯಾಡ್ರಿ ಅಂದ.”

ನಾನು ಮಾಡಿಲ್ಲವ್ವಾ ಅಂದೆ. ನಿನ್ನಾಣೆ ಅಂದೆ. ದೇವರ ಜಗಲಿ ಮುಟ್ಟಿ ಹೇಳಿದೆ. ಅವ್ವ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕರುಣೆ ಇತ್ತು.

“ನೀನಾ ಅಲ್ಲೇನವ್ವಾ ಅವತ್ತು ಕೈಮ್ಯಾಲಿಂದು ಅಳಿಸಿ ತೋರಿಸಿದಾಕಿ? ನಾ ಬಾಜೂಕ ಕುಂತು ನೋಡೀನಿ.”

ಅದು ನೀರಿನ ಕಲೆಯವ್ವಾ, ಬಳೆಯಲ್ಲ ಅಂದೆ. ಎರಡಕ್ಕೂ ಏನು ಫರಕು ಅಂತ ಆಕೆಗೆ ಹೇಗೆ ತಿಳಿಸಿಹೇಳಲಿ? ಏನು ಬೇಕಾದರೂ ಆಗುತ್ತದೆ ಅಂತ ಬಾಯಿಬಿಟ್ಟು ಹೇಳಿದವಳು ನಾನೇ. ಆಕೆ ಕಣ್ಣಾರೆ ಕಂಡದ್ದು ಮಗಳನ್ನು, ಮಗಳ ಕೈಯಲ್ಲಿದ್ದ ಮೌಸನ್ನು. ಅವನು ಮಾಡಿದ್ದನ್ನು ಕಂಡವರು ಯಾರೂ ಇರಲಿಲ್ಲ. ಅಪ್ಪನನ್ನು ಕರೆದೆ, ಅಪ್ಪ ಬೀಡಿ ಹಚ್ಚಿಕೊಂಡು ಹೊರಗೆ ಹೋದ. ನಾನು ಅರಚಿದೆ, ಅತ್ತೆ, ರೊಟ್ಟಿ ಮುಟ್ಟದೆ ಮಲಗಿದೆ. ಅವ್ವ ಬಂದು ನನ್ನ ತಲೆ ಸವರಿ, ಆತು ಬಿಡು, ಮಾಡಿದ್ರೂ ಅಡ್ಡಿಯಿಲ್ಲ, ಒಂದು ಮಾತು ಹೇಳಬೇಕಿತ್ತು ಅಂದಳು. ಅಪರಾಧ ಮಾಡದವಳಿಗೆ ಕ್ಷಮೆ ಸಿಕ್ಕರೆ ಅದನ್ನು ಎಲ್ಲಿಟ್ಟುಕೊಳ್ಳಬೇಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ವೀರೇಶನ ಅಂಗಡಿಗೆ ಮತ್ತೆ ಹೋಗಲಿಲ್ಲ. ಅವನು ಈಗಲೂ ಚೆನ್ನಾಗಿದ್ದಾನೆ, ಅಂಗಡಿ ಎರಡಾಗಿದೆಯಂತೆ. ಮಾನ್ವಿಯಲ್ಲಿ ಯಾರ ಮನೆಗೆ ಹೋದರೂ ನಾನು ಮೊದಲು ಗೋಡೆ ನೋಡುತ್ತೇನೆ. ಎರಡು ಕಡೆ ಅವ್ವ ಸಿಕ್ಕಿದ್ದಾಳೆ, ಒಂದರಲ್ಲಿ ಬಳೆ ಇವೆ, ಒಂದರಲ್ಲಿ ಇಲ್ಲ. ಆ ಮನೆಯವರಿಗೆ ಏನೂ ಹೇಳಲಿಲ್ಲ. ಅವರ ಅವ್ವಂದಿರನ್ನು ಅವರಿಂದ ಕಿತ್ತುಕೊಂಡು ನನಗೇನು ಬರಬೇಕಾಗಿದೆ?

ಅವ್ವ ಗಟ್ಟಿಯಾಗಿದ್ದಾಳೆ, ಅಪ್ಪನೂ ಇದ್ದಾನೆ. ಹಬ್ಬಕ್ಕೆ ಬರುತ್ತಾಳೆ, ಮಕ್ಕಳಿಗೆ ಉಂಡಿ ಕಟ್ಟಿ ತರುತ್ತಾಳೆ, ನನ್ನ ತಲೆಗೆ ಎಣ್ಣೆ ಹಚ್ಚುತ್ತಾಳೆ. ಆ ವಿಷಯ ಮತ್ತೆ ಎತ್ತಿಲ್ಲ, ನಾನು ಎತ್ತಿದರೆ ಬೇರೆ ಮಾತು ತೆಗೆಯುತ್ತಾಳೆ. ನಾನು ಫೋನು ಎತ್ತಿ ಹಿಡಿದರೆ ಮಾತ್ರ, ಮೊಮ್ಮಗಳು ತೊಡೆಯ ಮೇಲಿದ್ದರೂ ಸರಿ, ಮೊದಲು ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಆಮೇಲೆ ನನ್ನ ಕಡೆ ನೋಡಿ ನಗುತ್ತಾಳೆ. ನನ್ನ ಫೋನಿನಲ್ಲಿ ಅವ್ವನ ಫೋಟೋಗಳು ಬೇಕಾದಷ್ಟಿವೆ. ಒಂದರಲ್ಲೂ ಕೈ ಇಲ್ಲ.